ಊರ ಹೊರಗಿನ ಶಿಲುಬೆ

ಕೆಲವು ವರ್ಷಗಳ ಹಿಂದಿನ ಮಾತು. ಜೀಡಿಮೆಟ್ಲಾದ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಮಾಡುವ ನಮ್ಮ ಕನ್ನಡಿಗರು ನಾಲ್ಕೈದು ಮಂದಿ ಗುಡ್ ಫ್ರೈಡೆಯ ರಜೆಯ ದಿನ ಮಾರ್ಕೆಟ್ಟಿಗೆಂದು ಹೊರಟು ಬಸ್ಸಿಗೆ ಕಾಯುತ್ತಿದ್ದೆವು. ನಮ್ಮ ಕಾರ್ಖಾನೆಯ ಹಿರಿಯ ಫಿಟ್ಟರ್ ಒಬ್ಬರು, ಮೆದಕ್ ಕಡೆಯವರು, ಬಿಳಿಯ ಬಟ್ಟೆಯುಟ್ಟು ಹೆಂಡತಿ ಮಕ್ಕಳೊಡನೆ ಎದುರಿಗೆ ಬಂದರು. ಹಬ್ಬದ ದಿನ ಸುಮ್ಮನಿರಬಾರದೆಂದು ನಾವೆಲ್ಲ ಮುಂದೆ ಹೋಗಿ ಕೈಕುಲುಕಿ, "ಹಬ್ಬದ ಶುಭಾಶಯಗಳು" ಎಂದೆವು. ಅವರು ಕೈ ಬಿಡಿಸಿಕೊಳ್ಳಲಿಲ್ಲ, ಮುಖವನ್ನೂ ಗಂಟಿಕ್ಕಲಿಲ್ಲ. ಮೆಲುದನಿಯಲ್ಲಿ ಅಂದರು: "ಸಾರ್, ಇವತ್ತು ಶುಭಾಶಯ ಹೇಳುವ ದಿನವಲ್ಲ. ನಮಗೆ ಇದು ಸಾವಿನ ಮನೆಗೆ ಹೋಗುವ ದಿನ."

ನಮಗೆ ನಾಚಿಕೆಯಾಯಿತು. ವರ್ಷವಿಡೀ ಒಂದೇ ಷೆಡ್ಡಿನಲ್ಲಿ ದುಡಿದು, ಒಂದೇ ಕ್ಯಾಂಟೀನಿನಲ್ಲಿ ಚಹಾ ಕುಡಿಯುವ ನೆರೆಯವರ ನಂಬಿಕೆಯ ಬಗ್ಗೆ ನಾವು ತಿಳಿದದ್ದು ಕ್ಯಾಲೆಂಡರಿನ ಕೆಂಪು ಅಂಕಿಯಷ್ಟೇ! ಕನ್ನಡ ಕ್ರೈಸ್ತರು ಈ ದಿನವನ್ನು 'ಶುಭ ಶುಕ್ರವಾರ' ಎನ್ನುವುದುಂಟು. ಇಂಗ್ಲಿಷಿನ 'ಗುಡ್' ಎಂಬ ಮಾತಿಗೆ ಹಿಂದೆ 'ಪವಿತ್ರ' ಎಂಬ ಅರ್ಥವೂ ಇತ್ತು. ಆದರೂ ಪ್ರಶ್ನೆ ಉಳಿಯುತ್ತದೆ. ಒಬ್ಬ ನಿರಪರಾಧಿಯನ್ನು ಕೊಂದ ದಿನ ಪವಿತ್ರವಾದದ್ದು ಹೇಗೆ? ಕೊಂದ ಮರವನ್ನೇ ಜನ ಗೋಪುರದ ತುದಿಗೇರಿಸಿ, ಕೊರಳಿಗೆ ಕಟ್ಟಿಕೊಂಡು, ಗೋರಿಯ ಮೇಲೆ ನೆಡುವುದೇಕೆ? ಅಂದಿನಿಂದ ನಾವು ಕೇಳಿ, ಓದಿ, ನೋಡಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಶಿಲುಬೆ ಮೊದಲಿಗೆ ದೇವರ ಗುರುತಾಗಿರಲಿಲ್ಲ, ಅದು ಸರಕಾರದ ವಧಾಸ್ತಂಭವಾಗಿತ್ತು. ರೋಮನ್ ಸಾಮ್ರಾಜ್ಯದಲ್ಲಿ ಗುಲಾಮರಿಗೆ, ದಂಗೆಕೋರರಿಗೆ, ದರೋಡೆಕೋರರಿಗೆ ವಿಧಿಸುತ್ತಿದ್ದ ಶಿಕ್ಷೆ ಅದು. ರೋಮಿನ ಪೌರತ್ವವಿದ್ದವರಿಗೆ ಸಾಮಾನ್ಯವಾಗಿ ಈ ಸಾವು ಇರಲಿಲ್ಲ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸನ ಗುಲಾಮರ ದಂಗೆಯನ್ನು ಅಡಗಿಸಿದಾಗ, ಸೆರೆಸಿಕ್ಕ ಸುಮಾರು 6,000 ಮಂದಿಯನ್ನು ಕಪುವಾ ನಗರದಿಂದ ರೋಮಿನವರೆಗೆ ರಸ್ತೆಯುದ್ದಕ್ಕೂ ಶಿಲುಬೆಗೇರಿಸಿದರು. ಕೊಲ್ಲುವುದೊಂದೇ ಗುರಿಯಾಗಿದ್ದರೆ ಕತ್ತಿಯ ಒಂದು ಏಟು ಸಾಕಾಗಿತ್ತು. ಬಟ್ಟೆ ಕಳಚಿ, ದಾರಿಹೋಕರ ಕಣ್ಣೆದುರು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿಸಿ, ಇವನು ಮನುಷ್ಯನೇ ಅಲ್ಲವೆಂದು ಸಾರುವುದು ಆ ಶಿಕ್ಷೆಯ ಉದ್ದೇಶವಾಗಿತ್ತು.

ಪೊಂತ್ಯ ಪಿಲಾತನು ಯೂದಾಯದ ಅಧಿಪತಿಯಾಗಿದ್ದದ್ದು ಕ್ರಿ.ಶ. 26ರಿಂದ 36ರವರೆಗೆ. ಆ ಅವಧಿಯಲ್ಲಿ, ಜೆರೂಸಲೇಮಿನ ಗೋಡೆಯ ಹೊರಗೆ, ಗೊಲ್ಗೊಥಾ ಎಂಬಲ್ಲಿ, ಇಬ್ಬರು ಕಳ್ಳರ ನಡುವೆ ಯೇಸುವನ್ನು ಶಿಲುಬೆಗೆ ಹಾಕಿದರು. ಗೊಲ್ಗೊಥಾ ಎಂದರೆ ಅರಮಾಯಿಕ್ ಭಾಷೆಯಲ್ಲಿ ತಲೆಬುರುಡೆಯ ಸ್ಥಳ. 'ಗೋಡೆಯ ಹೊರಗೆ' ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯೂ ಇದನ್ನು ವಿಶೇಷವಾಗಿ ಎತ್ತಿ ಹೇಳುತ್ತದೆ. ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಒಳಗಾದವನು. ಹೀಗೆ ರಾಜ್ಯವೂ ಧರ್ಮವೂ ಒಟ್ಟಾಗಿ ಅವನನ್ನು ಊರ ಹೊರಗಿಟ್ಟವು.

ಇಂಥ ಸಾವು ಸತ್ತವನನ್ನು ದೇವರೆನ್ನುವುದು ಆ ಕಾಲದವರಿಗೆ ಹಾಸ್ಯಾಸ್ಪದವಾಗಿತ್ತು. ರೋಮಿನ ಪಲಟೈನ್ ಗುಡ್ಡದ ಮೇಲೆ 1857ರಲ್ಲಿ ಒಂದು ಹಳೆಯ ಗೋಡೆಗೀಚು ಸಿಕ್ಕಿತು. ಕತ್ತೆಯ ತಲೆಯ ಮನುಷ್ಯನೊಬ್ಬ ಶಿಲುಬೆಯ ಮೇಲಿದ್ದಾನೆ. ಕೆಳಗೊಬ್ಬ ಕೈಯೆತ್ತಿ ನಿಂತಿದ್ದಾನೆ. ಅಲೆಕ್ಸಮೆನೋಸ್ ಎಂಬುವನು ತನ್ನ ದೇವರನ್ನು ಪೂಜಿಸುತ್ತಿದ್ದಾನೆಂದು ಕುಚೋದ್ಯದ ಬರಹವಿದೆ. ಶಿಲುಬೆಗೇರಿದ ಯೇಸುವಿನ ಅತಿ ಹಳೆಯ ಚಿತ್ರಗಳಲ್ಲಿ ಒಂದು ಹೀಗೆ ಗೇಲಿಯ ಚಿತ್ರ! ಕ್ರೈಸ್ತರು ತಾವೇ ಈ ದೃಶ್ಯವನ್ನು ಬಹಿರಂಗವಾಗಿ ಕೆತ್ತಿಸಲು ನಾಲ್ಕು ಶತಮಾನಗಳೇ ಬೇಕಾದವು. ರೋಮಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಿನ ಮೇಲೆ, ಸುಮಾರು 430ರಲ್ಲಿ, ಅದು ಕಾಣಿಸಿಕೊಂಡಿತು. ಅಷ್ಟರಲ್ಲಿ ಶಿಲುಬೆಯ ಶಿಕ್ಷೆ ಸಾಮ್ರಾಜ್ಯದಲ್ಲಿ ರದ್ದಾಗಿ ಹೋಗಿತ್ತು. ಅದರ ಭೀಕರತೆಯನ್ನು ಕಣ್ಣಾರೆ ಕಂಡವರು ಅದನ್ನು ಅಲಂಕಾರವಾಗಿ ಧರಿಸಲಾರದೆ ಹೋದರೆಂದೇ ತಿಳಿಯಬೇಕು.

ನಮ್ಮ ಭಾಷೆಗೆ ಈ ಮಾತು ಬಂದ ದಾರಿಯೂ ಸ್ವಾರಸ್ಯವಾಗಿದೆ. 'ಶಿಲುಬೆ' ಯುರೋಪಿನಿಂದ ಹಡಗೇರಿ ಬಂದ ಮಾತಲ್ಲ. ಪಶ್ಚಿಮ ಏಷ್ಯದ ಸಿರಿಯಾಕ್ ಭಾಷೆಯ 'ಸ್ಲೀಬಾ' ಮಲಯಾಳದಲ್ಲಿ 'ಸ್ಲೀವಾ', ತಮಿಳಿನಲ್ಲಿ 'ಸಿಲುವೈ', ತೆಲುಗಿನಲ್ಲಿ 'ಸಿಲುವ' ಆಯಿತು. ಕನ್ನಡದಲ್ಲಿ ಶಿಲುಬೆಯಾಗಿ ನೆಲೆಸಿತು. ಕರಾವಳಿಯ ಕೊಂಕಣಿ ಕ್ರೈಸ್ತರ 'ಖುರಿಸ್' ಮಾತ್ರ ಪೋರ್ತುಗೀಸರ 'ಕ್ರೂಜ್'ನಿಂದ ಬಂದದ್ದು. ಎರಡು ಮಾತು, ಎರಡು ದಾರಿ. ಮೊದಲನೆಯದು ಅರಬ್ಬೀ ಸಮುದ್ರದ ವ್ಯಾಪಾರಿಗಳ ಹಳೆಯ ದಾರಿ, ಎರಡನೆಯದು ಫಿರಂಗಿ ಹೊತ್ತ ಹಡಗಿನ ದಾರಿ. ಮದ್ರಾಸಿನ ಸಂತ ತೋಮಾ ಬೆಟ್ಟದಲ್ಲಿ 1547ರಲ್ಲಿ ಸಿಕ್ಕಿದ, ಪಹ್ಲವಿ ಅಕ್ಷರಗಳಿರುವ ಕಲ್ಲಿನ ಶಿಲುಬೆ ಮೊದಲನೆಯ ದಾರಿಯದು. ಅದರ ಮೇಲೆ ಯೇಸುವಿನ ದೇಹವಿಲ್ಲ. ಬುಡದಲ್ಲಿ ಕಮಲದ ದಳಗಳಂಥ ಕೆತ್ತನೆಯಿದೆ.

ಕೆಲವು ಶಿಲುಬೆಗಳ ಮೇಲೆ ಯೇಸುವಿನ ದೇಹವಿದ್ದು, ಕೆಲವು ಬರಿದಾಗಿರುವುದನ್ನು ನಾವೆಲ್ಲ ನೋಡಿದ್ದೇವೆ. ಕ್ಯಾಥೊಲಿಕರ ಚರ್ಚುಗಳಲ್ಲಿ ಸಾಮಾನ್ಯವಾಗಿ ದೇಹವಿರುವ ಶಿಲುಬೆ ಇರುತ್ತದೆ. ಅದು ನೋವನ್ನು ಮರೆಯಗೊಡುವುದಿಲ್ಲ. ಪ್ರೊಟೆಸ್ಟೆಂಟರದು ಹೆಚ್ಚಾಗಿ ಬರಿಯ ಶಿಲುಬೆ; ಸತ್ತವನು ಮೂರನೆಯ ದಿನ ಎದ್ದನೆಂಬ ನಂಬಿಕೆಯನ್ನು ಅದು ಮುಂದಿಡುತ್ತದೆ. ಇಬ್ಬರೂ ಎರಡನ್ನೂ ನಂಬುತ್ತಾರೆ. ಈಸ್ಟರಿನ ಭಾನುವಾರವಿಲ್ಲದೆ ಶುಕ್ರವಾರಕ್ಕೆ ಅರ್ಥವಿಲ್ಲ, ಶುಕ್ರವಾರವಿಲ್ಲದೆ ಭಾನುವಾರವಿಲ್ಲ.

ಈ ಸಾವಿನಿಂದ ಮನುಷ್ಯನಿಗೆ ಆದದ್ದೇನು ಎಂಬುದಕ್ಕೆ ಕ್ರೈಸ್ತ ಪಂಡಿತರು ಒಂದೇ ಉತ್ತರ ಕೊಟ್ಟಿಲ್ಲ. ಮೊದಲಿನವರು ಇದನ್ನು ಬಿಡುಗಡೆಯ ಬೆಲೆ ಎಂದರು. ಸಾಲಕ್ಕೆ ಜೀತವಿದ್ದವನನ್ನು ಮತ್ತೊಬ್ಬನು ಹಣ ತೆತ್ತು ಬಿಡಿಸಿ ತಂದಂತೆ, ಪಾಪದ ಜೀತದಿಂದ ಮನುಷ್ಯನನ್ನು ಯೇಸು ಬಿಡಿಸಿದನೆಂದು ಅವರ ವಿವರಣೆ. 11ನೇ ಶತಮಾನದ ಕೊನೆಯಲ್ಲಿ ಕ್ಯಾಂಟರ್ಬರಿಯ ಅನ್ಸೆಲ್ಮನು, ದೇವರಿಗೆ ಮನುಷ್ಯನು ತೀರಿಸಬೇಕಾದ ಋಣ ಮನುಷ್ಯನ ಶಕ್ತಿಯನ್ನು ಮೀರಿದ್ದು, ಆದ್ದರಿಂದ ದೇವರೇ ಮನುಷ್ಯನಾಗಿ ತೀರಿಸಿದನು ಎಂದನು. 12ನೇ ಶತಮಾನದ ಅಬೆಲಾರ್ಡನಿಗೆ ಲೆಕ್ಕಾಚಾರಕ್ಕಿಂತ ಪ್ರೀತಿ ದೊಡ್ಡದಾಗಿ ಕಂಡಿತು. ಕೊಲ್ಲುವವರನ್ನೂ ಕ್ಷಮಿಸುವ ಆ ಪ್ರೀತಿಯನ್ನು ಕಂಡವನ ಹೃದಯ ತಾನೇ ಕರಗುತ್ತದೆಂದು ಅವನ ವಾದ. ನಮ್ಮ ಕಾಲಕ್ಕೆ ಬಂದರೆ, ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನಿಕನಾಗಿ ಸೆರೆಸಿಕ್ಕು, ಮುಂದೆ ದೇವಶಾಸ್ತ್ರಜ್ಞರಾದ ಯೂರ್ಗನ್ ಮೋಲ್ಟ್‌ಮನ್ 1972ರಲ್ಲಿ ಶಿಲುಬೆಗೇರಿದ ದೇವರ ಬಗ್ಗೆಯೇ ಒಂದು ಗ್ರಂಥ ಬರೆದರು. ನರಳುವವರನ್ನು ದೂರ ಕೂತು ನೋಡುವ ದೇವರಲ್ಲ, ಅವರ ನಡುವೆಯೇ ನರಳಿದ ದೇವರು ಎಂಬುದು ಅದರ ಸಾರ.

ಕನ್ನಡಿಗರಿಗೆ ಇದು ತೀರ ಪರಕೀಯವಾದ ವಿಚಾರವಲ್ಲ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ನಡೆದದ್ದನ್ನು ನಮ್ಮ ಹಿರಿಯರು ಹೇಳಿದ ಕಥೆಗಳಿಂದ ನಾವು ಬಲ್ಲೆವು. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸ ಇವರ ಮನೆಗಳ ನಡುವೆ ಮದುವೆ ನಡೆದದ್ದಕ್ಕೆ ಅವರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಆ ಸಾವು ರಾಜನಿಗೆ ನ್ಯಾಯವಾಗಿ ಕಂಡಿರಬಹುದು. ಶರಣರಿಗೆ ಅದು ಸತ್ಯದ ಸಾಕ್ಷಿಯಾಯಿತು. ಅಧಿಕಾರವು ಅವಮಾನವೆಂದು ಕೊಟ್ಟದ್ದನ್ನು ಜನ ಗೌರವವಾಗಿ ತಿರುಗಿಸಿಕೊಳ್ಳಬಲ್ಲರು. ವ್ಯತ್ಯಾಸವೂ ಉಂಟು. ಹರಳಯ್ಯನನ್ನು ನಾವು ದೇವರಿಗಾಗಿ ಸತ್ತ ಶರಣನೆನ್ನುತ್ತೇವೆ. ಕ್ರೈಸ್ತರು ಸತ್ತವನೇ ದೇವರು ಎನ್ನುತ್ತಾರೆ. ಈ ಮಾತನ್ನು ಒಪ್ಪುವುದೂ ಬಿಡುವುದೂ ಅವರವರ ನಂಬಿಕೆಗೆ ಸೇರಿದ್ದು. ಆದರೆ ಅದರ ತೂಕವನ್ನಾದರೂ ನಾವು ತಿಳಿದಿರಬೇಕು.

ಆ ತೂಕ ನಮಗೆ ತಿಳಿದದ್ದು ಪುಸ್ತಕದಿಂದಲ್ಲ, ಮೆದಕಿನಲ್ಲಿ. ನಮ್ಮ ಜೀಡಿಮೆಟ್ಲಾದ ರಸ್ತೆಯೇ ಮೆದಕಿನ ರಸ್ತೆ. ಬಾಲಾನಗರದಿಂದ ಜೀಡಿಮೆಟ್ಲಾ, ಸೂರಾರಂ, ಗಂಡಿಮೈಸಮ್ಮ ದಾಟಿ, ನರ್ಸಾಪುರದ ಕಾಡು ಹಾಯ್ದು ಹೋದರೆ ಮೆದಕ್. ಹೈದರಾಬಾದಿನಿಂದ ಸುಮಾರು 100 ಕಿಲೋಮೀಟರು. ಅಂದು ನಮ್ಮನ್ನು ತಿದ್ದಿದ ಆ ಫಿಟ್ಟರೇ ಒಂದು ಭಾನುವಾರ ನಮ್ಮನ್ನು ಸಂಸಾರಸಮೇತ ಅಲ್ಲಿಗೆ ಕರೆದುಕೊಂಡು ಹೋದರು. ಬಯಲುಸೀಮೆಯ ನಡುವೆ ಕಲ್ಲಿನಲ್ಲಿ ಎದ್ದು ನಿಂತ ಆ ಚರ್ಚು 200 ಅಡಿ ಉದ್ದ, 100 ಅಡಿ ಅಗಲ. ಗೋಪುರ 175 ಅಡಿ ಎತ್ತರ. ಒಳಗೆ ಐದು ಸಾವಿರ ಜನ ಕೂಡಬಹುದು.

ಇದನ್ನು ಕಟ್ಟಿಸಿದವರು ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ವೆಸ್ಲಿಯನ್ ಮಿಷನರಿ. 1895ರಲ್ಲಿ ಸಿಕಂದರಾಬಾದಿಗೆ ಬಂದು ತಿರುಮಲಗಿರಿಯ ಬ್ರಿಟಿಷ್ ಸೈನಿಕರ ನಡುವೆ ಮೊದಲು ಕೆಲಸ ಮಾಡಿದ ಇವರು, ಅದರಲ್ಲಿ ತೃಪ್ತಿ ಕಾಣದೆ ಹಳ್ಳಿಯ ಕಡೆ ತಿರುಗಿ ಮೆದಕಿಗೆ ಹೋದರು. ಮೊದಲ ಮಹಾಯುದ್ಧದ ಕಾಲಕ್ಕೆ ಆ ಸೀಮೆಯಲ್ಲಿ ಬರ ಬಿತ್ತು. ಧರ್ಮವೆಂದು ಅನ್ನ ಹಾಕಿದರೆ ಜನರ ಮಾನ ಉಳಿಯುವುದಿಲ್ಲವೆಂದು ಬಗೆದು, ಚರ್ಚು ಕಟ್ಟುವ ಕೆಲಸ ಹಿಡಿದು, ದುಡಿದವರಿಗೆ ಆಹಾರ ಕೊಟ್ಟರು. ಹತ್ತು ವರ್ಷ ಕೆಲಸ ನಡೆದು 1924ರ ಡಿಸೆಂಬರ್ 25ರಂದು ಚರ್ಚು ಪ್ರತಿಷ್ಠೆಯಾಯಿತು. 2024ಕ್ಕೆ ನೂರು ತುಂಬಿತು. 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ಇದು ಅದರ ಮೆದಕ್ ಧರ್ಮಪ್ರಾಂತದ ಮುಖ್ಯ ಚರ್ಚಾಯಿತು.

ಒಳಗೆ ಮೂರು ದೊಡ್ಡ ಬಣ್ಣದ ಗಾಜಿನ ಕಿಟಕಿಗಳಿವೆ: ಯೇಸುವಿನ ಜನನ, ಶಿಲುಬೆಯ ಮರಣ, ಸ್ವರ್ಗಾರೋಹಣ. ಇಂಗ್ಲೆಂಡಿನ ಫ್ರಾಂಕ್ ಸಾಲಿಸ್ಬರಿ ಎಂಬ ಕಲಾವಿದರು ರಚಿಸಿದ ಇವನ್ನು ಹಗಲಿನಲ್ಲೇ ನೋಡಬೇಕು. ಹೊರಗಿನ ಬಿಸಿಲು ಗಾಜನ್ನು ಹಾಯ್ದು ಬಂದಾಗ ಮಾತ್ರ ಬಣ್ಣಗಳು ಬೆಳಗುತ್ತವೆ. ಹೊತ್ತು ಮುಳುಗಿದ ಮೇಲೆ ಒಳಗಿನವರಿಗೆ ಕಾಣುವುದು ಕಪ್ಪು ಗಾಜು. ಶಿಲುಬೆಯ ಕಿಟಕಿಯ ಮುಂದೆ ನಿಂತು ಫಿಟ್ಟರು ನಮಗೆ ಹೇಳಿದ ಮಾತನ್ನು ನಾವು ಮರೆಯುವಂತಿಲ್ಲ. "ನಮ್ಮ ತಾತ ಇಲ್ಲಿ ಕಲ್ಲು ಹೊತ್ತಿದ್ದ ಸಾರ್. ಅವನ ಗುಡಿಸಲು ಊರ ಹೊರಗಿತ್ತು. ಊರ ಬಾವಿಗೆ ಅವನು ಹೋಗುವಂತಿರಲಿಲ್ಲ, ಊರ ಗುಡಿಗೂ ಹೋಗುವಂತಿರಲಿಲ್ಲ. ಆಗ ಯಾರೋ ಬಂದು, ದೇವರನ್ನೂ ಊರ ಹೊರಗೇ ಕೊಂದರು ಅಂತ ಹೇಳಿದರು. ತಾತನಿಗೆ ಬೇರೆ ಪ್ರಸಂಗ ಬೇಕಾಗಲಿಲ್ಲ."

ಅನ್ಸೆಲ್ಮ್, ಅಬೆಲಾರ್ಡ್ ಮೊದಲಾದವರು ಗ್ರಂಥಗಟ್ಟಲೆ ಬರೆದದ್ದರ ಮುಂದೆ ಈ ನಾಲ್ಕು ಮಾತು ಕಡಿಮೆ ತೂಗುವುದಿಲ್ಲವೆಂದು ನಮಗೆ ಅನ್ನಿಸಿತು. ಮೆದಕ್ ಸೀಮೆಯಲ್ಲಿ ಕ್ರೈಸ್ತರಾದವರಲ್ಲಿ ಬಹುಪಾಲು ಜನ ಮಾಲ, ಮಾದಿಗ ಸಮುದಾಯದವರು. ಆಗ ಮೆದಕ್ ಇದ್ದ ನಿಜಾಮರ ರಾಜ್ಯದಲ್ಲೇ ನಮ್ಮ ಬೀದರ, ಗುಲ್ಬರ್ಗಾ, ರಾಯಚೂರುಗಳೂ ಇದ್ದವು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು. ಬೀದರ ಜಿಲ್ಲೆಯ ಹಳ್ಳಿಗಳಲ್ಲಿ ಮೆಥೊಡಿಸ್ಟ್ ಸಭೆ ಬೆಳೆದದ್ದೂ ಇಂಥ ಕೇರಿಗಳಲ್ಲಿಯೇ. ಶಿಲುಬೆಯನ್ನು ಹೊತ್ತದ್ದಕ್ಕೆ ಅವರು ಬೆಲೆಯನ್ನೂ ತೆತ್ತರು. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಹಿಂದೂಗಳಿಗೆ ಮಾತ್ರ ಇದ್ದ ಆ ಸ್ಥಾನ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತಾರವಾಯಿತು, ಕ್ರೈಸ್ತರಾದವರಿಗೆ ದೊರೆಯಲಿಲ್ಲ. ಇತ್ತ ಚರ್ಚುಗಳ ಒಳಗೂ ಎಷ್ಟೋ ಕಡೆ ಜಾತಿಯ ಗೆರೆ ಅಳಿಸಲಿಲ್ಲ. ಊರ ಹೊರಗೆ ಸತ್ತವನ ಹೆಸರಿನಲ್ಲಿ ಮತ್ತೆ ಒಳಗು ಹೊರಗು ಹುಟ್ಟಿಕೊಂಡಿತು!

ಶಿಲುಬೆಯ ಚರಿತ್ರೆಯನ್ನು ಹೇಳುವಾಗ ಇನ್ನೊಂದು ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. 4ನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ಕ್ರೈಸ್ತರ ಪಕ್ಷ ವಹಿಸಿದಂದಿನಿಂದ ಗುಲಾಮರ ವಧಾಸ್ತಂಭ ಚಕ್ರವರ್ತಿಯ ಧ್ವಜವಾಯಿತು. ಮುಂದೆ ಶಿಲುಬೆಯ ಗುರುತು ಹೊಲಿದುಕೊಂಡವರೇ ಜೆರೂಸಲೇಮಿನಲ್ಲಿ ನೆತ್ತರು ಹರಿಸಿದರು. ನಮಗೆ ಹತ್ತಿರದ ಉದಾಹರಣೆ ಗೋವೆಯದು. 16ನೇ ಶತಮಾನದಲ್ಲಿ ಪೋರ್ತುಗೀಸರು ಅಲ್ಲಿನ ದೇವಾಲಯಗಳನ್ನು ಕೆಡವಿದರು. 1560ರಲ್ಲಿ ಆರಂಭವಾದ ಅಲ್ಲಿನ ಧಾರ್ಮಿಕ ವಿಚಾರಣಾ ನ್ಯಾಯಾಲಯ 1812ರಲ್ಲಿ ಕೊನೆಗಂಡಿತು. ತಮ್ಮ ದೇವರನ್ನು ಉಳಿಸಿಕೊಳ್ಳಲು ಗೌಡ ಸಾರಸ್ವತ ಕುಟುಂಬಗಳು ಎಷ್ಟೋ ಮಂದಿ ತೆಂಕಣದ ಕನ್ನಡ ಕರಾವಳಿಗೆ ಬಂದು ನೆಲಸಿದವು. ಕಾಲಕ್ರಮದಲ್ಲಿ ಗೋವೆಯ ಕ್ರೈಸ್ತ ಕುಟುಂಬಗಳೂ ಅದೇ ಕರಾವಳಿಗೆ ವಲಸೆ ಬಂದವು. ಆ ಕ್ರೈಸ್ತರನ್ನೇ 1784ರಲ್ಲಿ ಟಿಪ್ಪು ಸುಲ್ತಾನನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಊರು ಬಿಟ್ಟವರ ಕಷ್ಟಕ್ಕೆ ಮತವಿಲ್ಲ. ಊರು ಬಿಟ್ಟು ಬಂದ ನಮಗೆ ಇದು ಬೇಗ ಅರ್ಥವಾಗಬೇಕು.

ಈ ಹಿನ್ನೆಲೆಯಲ್ಲಿ ನೋಡಿದಾಗ ಮಂಜೇಶ್ವರದ ಗೋವಿಂದ ಪೈಗಳ ಕೆಲಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಅವರಿಗೂ ಮೊದಲು ಕನ್ನಡದಲ್ಲಿ ಯೇಸುವಿನ ಕಥೆ ಇರಲಿಲ್ಲವೆಂದಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ಕ್ಕೆ ಕನ್ನಡ ಬೈಬಲ್ ಪೂರ್ಣವಾಗಿತ್ತು. ಬಾಸೆಲ್ ಮಿಷನ್ನಿನ ಕಿಟ್ಟೆಲ್ಲರು, ತಮ್ಮ ಮಹಾ ನಿಘಂಟಿಗೆ ಎಷ್ಟೋ ಮೊದಲೇ, 1862ರಲ್ಲಿ 'ಕಥಾಮಾಲೆ'ಯಲ್ಲಿ ಯೇಸುಚರಿತೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿದ್ದರು. ಆದರೆ ಅವರೆಲ್ಲ ಮತಪ್ರಚಾರಕ್ಕೆ ಬಂದವರು. 1883ರಲ್ಲಿ ಹುಟ್ಟಿದ ಪೈಗಳು ಗೌಡ ಸಾರಸ್ವತ ಬ್ರಾಹ್ಮಣರು. ಶಿಲುಬೆ ಹಿಡಿದವರ ಕಾಟಕ್ಕೆ ಗೋವೆ ಬಿಟ್ಟ ಸಮುದಾಯದವರು. ಅಂಥವರು 1937ರಲ್ಲಿ ಯೇಸುವಿನ ಕಡೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಕಾವ್ಯ ಬರೆದರು. ಮತಾಂತರವಾಗಲಿಲ್ಲ, ಮತಪ್ರಚಾರ ಮಾಡಲಿಲ್ಲ. ಪೋರ್ತುಗೀಸರ ಕೈಯಲ್ಲಿದ್ದ ಶಿಲುಬೆಗೂ ಅದರ ಮೇಲೆ ನರಳಿದವನಿಗೂ ಇರುವ ಅಂತರವನ್ನು ಆ ದೊಡ್ಡ ಮನಸ್ಸು ಕಂಡಿತು. ಬುದ್ಧನ ಕಡೆಯ ದಿನವನ್ನು ಕುರಿತು ಅವರು 'ವೈಶಾಖಿ' ಬರೆದದ್ದು ಆಮೇಲೆ, 1946ರಲ್ಲಿ. ಪ್ರಾಸದ ಕಟ್ಟನ್ನು ಬಿಟ್ಟು ಬಹು ಹಿಂದೆಯೇ ಅವರು ಬರೆದ ಪದ್ಯದ ಹೆಸರು 'ಹೊಲೆಯನು ಯಾರು?' ಎಂಬುದನ್ನು ಇಲ್ಲಿ ನೆನೆಯಬೇಕು. ಊರ ಹೊರಗೆ ನಿಂತವನ ಮೇಲೆ ಅವರ ಕಣ್ಣು ಮೊದಲಿನಿಂದಲೂ ಇತ್ತು. 1956ರಲ್ಲಿ ಅವರ ಮಂಜೇಶ್ವರವೇ ಕೇರಳಕ್ಕೆ ಸೇರಿ ಕನ್ನಡ ರಾಜ್ಯದ ಹೊರಗಾಯಿತು. 1963ರಲ್ಲಿ ಅವರು ತೀರಿಕೊಂಡರು.

'ಗೊಲ್ಗೊಥಾ'ಕ್ಕೆ ಆರು ವರ್ಷ ಮೊದಲು, 1931ರ ಡಿಸೆಂಬರಿನಲ್ಲಿ, ದುಂಡುಮೇಜಿನ ಪರಿಷತ್ತಿನಿಂದ ಮರಳುತ್ತಿದ್ದ ಗಾಂಧೀಜಿ ರೋಮಿನ ವ್ಯಾಟಿಕನ್ನಿಗೆ ಹೋಗಿದ್ದರು. ಅಲ್ಲಿ ಶಿಲುಬೆಯ ಮೇಲಿನ ಯೇಸುವಿನ ಮೂರ್ತಿಯ ಮುಂದೆ ಅವರು ಬಹಳವಾಗಿ ಮನಕರಗಿ ನಿಂತರು. ವ್ಯಕ್ತಿಗಳಂತೆ ರಾಷ್ಟ್ರಗಳೂ ಇತರರಿಗೆ ನೋವು ಕೊಡುವುದರಿಂದಲ್ಲ, ತಾವಾಗಿ ನೋವನ್ನು ಹೊರುವುದರಿಂದಲೇ ರೂಪುಗೊಳ್ಳುತ್ತವೆಂಬ ಅರ್ಥದಲ್ಲಿ ಅವರು ಮುಂದೆ ಬರೆದರು. ಇಲ್ಲಿ ಎಚ್ಚರಿಕೆಯೊಂದು ಬೇಕು. ತಾನಾಗಿ ಹೊತ್ತ ನೋವು ಬೇರೆ, ಬಲವಂತವಾಗಿ ಹೊರಿಸಿದ ನೋವು ಬೇರೆ. ಶಿಲುಬೆಯನ್ನು ತೋರಿಸಿ ಬಡವನಿಗೆ ಸಹಿಸಿಕೊಂಡಿರು ಎಂದು ಬುದ್ಧಿ ಹೇಳುವವರು ಅದನ್ನು ಮತ್ತೆ ರೋಮಿನ ಸರಕಾರದ ಕೈಗೆ ಕೊಟ್ಟಂತಾಗುತ್ತದೆ. ಮೆದಕಿನ ಆ ಕಲ್ಲು ಹೊತ್ತವರಿಗೆ ಶಿಲುಬೆಯಿಂದ ದೊರೆತದ್ದು ಸಹನೆಯ ಪಾಠವಲ್ಲ, ತಲೆಯೆತ್ತಿ ನಿಲ್ಲುವ ಧೈರ್ಯ.

ಮರುವರ್ಷದ ಗುಡ್ ಫ್ರೈಡೆಗೆ ನಾವು ಯಾರಿಗೂ ಶುಭಾಶಯ ಹೇಳಲಿಲ್ಲ. ಜೀಡಿಮೆಟ್ಲಾದ ಅವರ ಚಿಕ್ಕ ಚರ್ಚಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ, ಶಿಲುಬೆಯ ಮೇಲಿಂದ ಯೇಸು ಆಡಿದನೆಂದು ಸುವಾರ್ತೆಗಳು ಹೇಳುವ ಏಳು ಮಾತುಗಳ ಮೇಲೆ ಧ್ಯಾನ ನಡೆಯಿತು. ತೆಲುಗು ಪೂರ್ತಿ ತಿಳಿಯದಿದ್ದರೂ 'ಸಿಲುವ' ಎಂಬ ಮಾತು ಬಂದಾಗಲೆಲ್ಲ ನಮ್ಮ ಶಿಲುಬೆಯೇ ಅದೆಂದು ಕಿವಿ ಗುರುತಿಸುತ್ತಿತ್ತು. ಮುಂದಿನ ಸಾಲಿನ ಮುದುಕಿಯೊಬ್ಬರು ತಮ್ಮ ಮಗನೇ ಸತ್ತಂತೆ ಅಳುತ್ತಿದ್ದರು. ಮೂರು ಹೊಡೆದ ಮೇಲೆ ಜನರು ಹೆಚ್ಚು ಮಾತಿಲ್ಲದೆ ಹೊರಗೆ ಬಂದು ಚಪ್ಪಲಿ ಹುಡುಕಿಕೊಂಡರು.

ನಮ್ಮ ಫಿಟ್ಟರು ಗೇಟಿನವರೆಗೆ ಬಂದು ನಮ್ಮನ್ನು ಬೀಳ್ಕೊಟ್ಟರು. ಅವರು ಹೇಳಿದ್ದು ಇಷ್ಟೇ: "ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ ಸಾರ್, ಅಮ್ಮನವರನ್ನೂ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಶುಭಾಶಯ ಆವತ್ತು ಹೇಳಿ."